ಎಣಿಕೆಗೆ ಬಾರದ ಕೇರಿಗೆ ಔಷಧಿ ಬರುವುದಿಲ್ಲ

(ರಾಯಚೂರು ಜಿಲ್ಲೆಯ ಜನ ಮತ್ತು ಆರೋಗ್ಯ ಕುರಿತು ವಿದ್ಯಾರ್ಥಿ ನಿಲಯಗಳ ಯುವಕ ಯುವತಿಯರ ಮುಂದೆ ಆಡಿದ ಮಾತು)



ಜನಸಂಖ್ಯೆ, ಆರೋಗ್ಯ ಎಂಬ ಎರಡು ಪದಗಳನ್ನು ಒಟ್ಟಿಗೆ ಕೇಳಿದ ಕೂಡಲೆ ನಮ್ಮ ಜನಕ್ಕೆ ಒಂದು ಹಳೆಯ ಉಪದೇಶ ನೆನಪಾಗುತ್ತದೆ. ಬಡವರು ಮಕ್ಕಳನ್ನು ಹಡೆದೂ ಹಡೆದೂ ದೇಶ ಬಡವಾಯಿತಂತೆ. ಕೇರಿಯವರಿಗೆ ಶುಚಿತ್ವ ಗೊತ್ತಿಲ್ಲವಂತೆ, ಅದಕ್ಕೇ ಅವರಿಗೆ ರೋಗ ಬರುತ್ತದಂತೆ. ಹೀಗೆ ಉಪದೇಶ ಮಾಡುವವರು ಆ ಕೇರಿಗೆ ನಲ್ಲಿ ಯಾಕೆ ಬರಲಿಲ್ಲ ಅಂತ ಒಂದು ಸಲವಾದರೂ ಕೇಳಿದ್ದನ್ನು ನಾವು ಕಾಣೆವು. ಆದ್ದರಿಂದ ಮೊದಲೇ ಹೇಳಿಬಿಡುತ್ತೇವೆ. ಜನ ಹೆಚ್ಚಾದದ್ದು ಪಾಪ ಅಂತ ಸಾರೋದಕ್ಕೆ ನಾವು ಇಲ್ಲಿ ನಿಂತಿಲ್ಲ. ಹೆಚ್ಚಾದ ಜನ ಯಾರು? ಅವರು ಎಲ್ಲಿದ್ದಾರೆ? ಅವರನ್ನು ಎಣಿಸಿದವರು ಯಾರು, ಬಿಟ್ಟವರು ಯಾರು? ಬಿಟ್ಟದ್ದರಿಂದ ಯಾರ ಮನೆಯ ಬಾಣಂತಿ ಸತ್ತಳು? ಇದನ್ನು ಕೇಳಲು ನಿಂತಿದ್ದೇವೆ.

ರಾಯಚೂರು ಜಿಲ್ಲೆಯನ್ನೇ ತೆಗೆದುಕೊಳ್ಳೋಣ. ಮೇಲೆ ಕೃಷ್ಣೆ, ಕೆಳಗೆ ತುಂಗಭದ್ರೆ. ನಡುವೆ ಎಡೆದೊರೆ ನಾಡು. ನೆಲದೊಳಗೆ ಹಟ್ಟಿಯ ಚಿನ್ನ ಇದೆ. ಶಕ್ತಿನಗರದಲ್ಲಿ 1985ರಿಂದ ಕರೆಂಟು ಹುಟ್ಟುತ್ತಿದೆ. ಸಿಂಧನೂರು, ಮಾನ್ವಿ ಕಡೆ ಕಣ್ಣು ಹಾಯಿಸಿದಷ್ಟೂ ಭತ್ತ. ಚಿನ್ನ, ಬೆಳಕು, ಅನ್ನ ಮೂರನ್ನೂ ನಾಡಿಗೆ ಕೊಡುವ ಈ ಜಿಲ್ಲೆ 2018ರಲ್ಲಿ ಕೇಂದ್ರ ಸರ್ಕಾರದ ಹಿಂದುಳಿದ ಜಿಲ್ಲೆಗಳ ಪಟ್ಟಿಗೆ ಸೇರಿತು. ಹಿಂದುಳಿದ ಅನ್ನಲಿಕ್ಕೆ ನಾಚಿಕೆಯಾಗಿ ಅದಕ್ಕೆ ಮಹತ್ವಾಕಾಂಕ್ಷೆಯ ಜಿಲ್ಲೆ ಎಂದು ಹೆಸರಿಟ್ಟರು. ಹೆಸರು ಚೆಂದ ಇದೆ. ಅದಕ್ಕೂ ಮೊದಲು, 2002ರಲ್ಲಿ, ಡಾ. ನಂಜುಂಡಪ್ಪ ಸಮಿತಿ ರಾಜ್ಯದ 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಗುರುತಿಸಿತ್ತು. ದೇವದುರ್ಗ ಅದರಲ್ಲಿ ಒಂದು.

ಈಗ ಅಂಕಿಗೆ ಬರೋಣ. ಅಂಕಿ ಎಂದರೆ ನಮ್ಮ ಹುಡುಗರು ಹೆದರುತ್ತಾರೆ. ಹೆದರಬೇಡಿ. ಅಂಕಿ ಇಲ್ಲದೆ ಭಾಷಣ ಮಾಡುವವನನ್ನು ಅಧಿಕಾರಿ ಟೀ ಕೊಟ್ಟು ಕಳಿಸುತ್ತಾನೆ. ಅಂಕಿ ಹಿಡಿದು ಬಂದವನಿಗೆ ಕುರ್ಚಿ ಕೊಡುತ್ತಾನೆ.

2001ರಲ್ಲಿ ಈ ಜಿಲ್ಲೆಯ ಜನ 16,69,762. ಹತ್ತು ವರ್ಷ ಬಿಟ್ಟು 2011ರಲ್ಲಿ 19,28,812. ಹತ್ತು ವರ್ಷದಲ್ಲಿ ಎರಡೂವರೆ ಲಕ್ಷಕ್ಕಿಂತ ಹೆಚ್ಚು ಜನ ಕೂಡಿದರು. ಸರ್ಕಾರದ ಸ್ವಂತ ನಿಯಮದ ಪ್ರಕಾರ ಬಯಲುಸೀಮೆಯಲ್ಲಿ 30,000 ಜನಕ್ಕೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನಕ್ಕೆ ಒಂದು ಉಪಕೇಂದ್ರ, ಸುಮಾರು 1,000 ಜನಕ್ಕೆ ಒಬ್ಬ ಆಶಾ ಕಾರ್ಯಕರ್ತೆ ಇರಬೇಕು. ಲೆಕ್ಕ ನೀವೇ ಹಾಕಿ. ಈ ಜನರೆಲ್ಲ ಹಳ್ಳಿಯಲ್ಲೇ ಇದ್ದರು ಎಂದುಕೊಂಡರೆ, ಹೊಸದಾಗಿ ಕೂಡಿದವರಿಗೇ ಎಂಟು ಆರೋಗ್ಯ ಕೇಂದ್ರ, ಐವತ್ತು ಉಪಕೇಂದ್ರ ಬೇಕು. ಮೊದಲಿಂದ ಇದ್ದ ಕೊರತೆ ಬೇರೆ. ಅಂದರೆ ಜನರ ತಲೆ ಎಣಿಸುವುದು ಬರೀ ಕಾಗದದ ಕೆಲಸ ಅಲ್ಲ. ಒಂದು ತಲೆ ಬಿಟ್ಟರೆ ಒಂದು ಗುಳಿಗೆ ಬಿಟ್ಟಂತೆ. ಒಂದು ಕೇರಿ ಬಿಟ್ಟರೆ ಒಬ್ಬ ದಾದಿಯನ್ನೇ ಬಿಟ್ಟಂತೆ.

2011ರ ಎಣಿಕೆ ಪ್ರಕಾರ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿಯವರು ನೂರಕ್ಕೆ ಸುಮಾರು 21, ಪರಿಶಿಷ್ಟ ಪಂಗಡದವರು ನೂರಕ್ಕೆ 19. ಎರಡೂ ಕೂಡಿದರೆ ನೂರಕ್ಕೆ 40. ಇಡೀ ರಾಜ್ಯದಲ್ಲಿ ಇದು ನೂರಕ್ಕೆ 24. ಅಂದರೆ ಈ ಜಿಲ್ಲೆಯ ಆರೋಗ್ಯ ಎಂದರೆ ಬಹುಪಾಲು ನಮ್ಮ ಆರೋಗ್ಯ. ಓದು ಬಲ್ಲ ಹೆಂಗಸರು ಆಗ ನೂರಕ್ಕೆ ಸುಮಾರು 49. ಔಷಧಿ ಚೀಟಿ ಓದಲು ಬಾರದ ತಾಯಂದಿರು ಓದಬಲ್ಲವರಿಗಿಂತ ಹೆಚ್ಚು ಎಂದು ಇದರ ಅರ್ಥ.

ಇನ್ನು ಯಾರು ಯಾರು ಇದ್ದಾರೆ ನೋಡಿ. ಮಾದಿಗರಿದ್ದಾರೆ, ಹೊಲೆಯರಿದ್ದಾರೆ, ಭೋವಿಗಳಿದ್ದಾರೆ, ತಾಂಡಾದ ಲಂಬಾಣಿಗರಿದ್ದಾರೆ. ನಾಯಕರಿದ್ದಾರೆ, ಕುರುಬರಿದ್ದಾರೆ, ಕಬ್ಬಲಿಗರಿದ್ದಾರೆ, ಲಿಂಗಾಯತರಿದ್ದಾರೆ, ಮುಸಲ್ಮಾನರಿದ್ದಾರೆ. ಮಾದಿಗ ಕೇರಿಯಲ್ಲೇ ಶಿಲುಬೆ ಹಾಕಿಕೊಂಡ ಮನೆಗಳಿವೆ. 1948ರ ತನಕ ಇದು ನಿಜಾಮನ ರಾಜ್ಯ, ಹಾಗಾಗಿ ಉರ್ದು ಇದೆ. ತೆಲುಗು ಸೀಮೆ ಪಕ್ಕದಲ್ಲೇ ಇದೆ, ಹಾಗಾಗಿ ತೆಲುಗು ಇದೆ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ರೈತರು ಬಂದು ನೆಲ ಕೊಂಡು ಕ್ಯಾಂಪು ಕಟ್ಟಿದರು. ಅವರ ಗದ್ದೆಯಲ್ಲಿ ನಾಟಿ ಮಾಡಲು ನಮ್ಮ ಹೆಂಗಸರು ಹೋದರು. ಐವತ್ತು ವರ್ಷಕ್ಕೂ ಹಿಂದೆ ಪೂರ್ವ ಬಂಗಾಳದಿಂದ ಓಡಿಬಂದ ನಿರಾಶ್ರಿತರನ್ನು ಸರ್ಕಾರ ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ಕೂರಿಸಿತು. ಅಲ್ಲಿ ಮನೆಯೊಳಗೆ ಬಂಗಾಳಿ, ಹೊರಗೆ ಕನ್ನಡ.

ಒಂದು ಜಿಲ್ಲೆ, ಇಷ್ಟು ಜನ. ಇವರೆಲ್ಲರನ್ನೂ ಸರಾಸರಿ ಎಂಬ ಒಂದೇ ಚೀಲಕ್ಕೆ ತುಂಬಿ ಬಾಯಿ ಕಟ್ಟುತ್ತಾರೆ. ಈ ಸರಾಸರಿಯ ಮೋಸ ನಿಮಗೆ ತಿಳಿಯಬೇಕು. ಸುಮ್ಮನೆ ಒಂದು ಲೆಕ್ಕ ಮಾಡೋಣ. ಒಂದು ಊರಿನಲ್ಲಿ 100 ಮಕ್ಕಳು ಅಂತ ಇಟ್ಟುಕೊಳ್ಳಿ. ಊರೊಳಗೆ 70, ಕೇರಿಯಲ್ಲಿ 30. ಊರಿನ 70ರಲ್ಲಿ 14 ಮಕ್ಕಳಿಗೆ ತೂಕ ಕಡಿಮೆ. ಕೇರಿಯ 30ರಲ್ಲಿ 18 ಮಕ್ಕಳಿಗೆ ತೂಕ ಕಡಿಮೆ. ಒಟ್ಟು 32. ವರದಿಯಲ್ಲಿ ಏನು ಬರೆಯುತ್ತಾರೆ? ನೂರಕ್ಕೆ 32 ಅಂತ. ಊರಲ್ಲಿ ನಿಜ ನೂರಕ್ಕೆ 20. ಕೇರಿಯಲ್ಲಿ ನಿಜ ನೂರಕ್ಕೆ 60. ಬರೆದ 32 ಯಾರದು? ಊರಿನದೂ ಅಲ್ಲ, ಕೇರಿಯದೂ ಅಲ್ಲ. ಮುಂದಿನ ವರ್ಷ ಊರಿನ ಏಳು ಮಕ್ಕಳು ಸುಧಾರಿಸಿದರೆ 32 ಹೋಗಿ 25 ಆಗುತ್ತದೆ. ಪ್ರಗತಿ ಎಂದು ಚಪ್ಪಾಳೆ ತಟ್ಟುತ್ತಾರೆ. ಕೇರಿಯ 18 ಮಕ್ಕಳು ಹಾಗೇ ಇರುತ್ತಾರೆ. ಸರಾಸರಿ ಎಂಬುದು ಕೇರಿಯ ಮೇಲೆ ಹೊದಿಸಿದ ಬಿಳಿ ಬಟ್ಟೆ.

ಪಟ್ಟಿಯ ಆಟವನ್ನೂ ನೋಡಿ. 1991ರಲ್ಲಿ ನಾಯಕ, ಬೇಡ, ವಾಲ್ಮೀಕಿ ಎಂಬ ಹೆಸರುಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವು. ಜನ ಅವರೇ, ಗುಡಿಸಲು ಅದೇ. ಪಟ್ಟಿ ಬದಲಾದ ಮೇಲೆ ಸರ್ಕಾರದ ಕಣ್ಣಿಗೆ ಕಂಡರು. ಸಿಂಧನೂರಿನ ಕ್ಯಾಂಪುಗಳಲ್ಲಿರುವ ಬಂಗಾಳಿಗಳಲ್ಲಿ ನಾಮಶೂದ್ರರು ಬಹಳ. ನಾಮಶೂದ್ರರು ಪಶ್ಚಿಮ ಬಂಗಾಳದಲ್ಲಿ ಪರಿಶಿಷ್ಟ ಜಾತಿ. ಇಲ್ಲಿಗೆ ಬಂದ ಮೇಲೆ ಆ ಪಟ್ಟಿಯಲ್ಲಿ ಇಲ್ಲ. ಗಡಿ ದಾಟಿದ ಕೂಡಲೆ ಅಸ್ಪೃಶ್ಯತೆ ಮಾಯವಾಗುತ್ತದೆಯೆ? ನಮ್ಮ ಹುಡುಗರು ಇದನ್ನು ನೆನಪಿಡಬೇಕು. 1946ರಲ್ಲಿ ಬಾಬಾಸಾಹೇಬರಿಗೆ ಬೊಂಬಾಯಿಯಿಂದ ಸಂವಿಧಾನ ಸಭೆಗೆ ಹೋಗುವ ದಾರಿ ಮುಚ್ಚಿದಾಗ ಬಂಗಾಳದಿಂದ ಅವರನ್ನು ಆರಿಸಿ ಕಳಿಸಿದವರಲ್ಲಿ ಮುಂದಾಳು ಜೋಗೇಂದ್ರನಾಥ ಮಂಡಲ್. ಅವರು ನಾಮಶೂದ್ರರು. ಅದೇ ಸಮುದಾಯದ ಜನ ಇವತ್ತು ನಮ್ಮ ಜಿಲ್ಲೆಯಲ್ಲಿ ಭತ್ತದ ಕೂಲಿ ಮಾಡುತ್ತಿದ್ದಾರೆ. ಅವರನ್ನು ಹೊರಗಿನವರು ಅಂತ ಕರೆಯುವ ಬಾಯಿ ನಮ್ಮ ಹಾಸ್ಟೆಲಿನಲ್ಲಿ ಇರಬಾರದು.

ಇನ್ನು ಕೇರಿಯ ಕ್ರೈಸ್ತರ ಮಾತು. 1950ರ ಆದೇಶ ಮೊದಲು ಹಿಂದೂ ದಲಿತರನ್ನು ಮುಖ್ಯವಾಗಿ ಲೆಕ್ಕಕ್ಕೆ ಹಿಡಿಯಿತು. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ವಿಸ್ತರಿಸಿದರು. ಕ್ರೈಸ್ತ ಮಾದಿಗ ಇನ್ನೂ ಹೊರಗೇ. ಅದೇ ಬಾವಿ, ಅದೇ ಜ್ವರ, ಅದೇ ಅವಮಾನ. ಪಟ್ಟಿ ಮಾತ್ರ ಬೇರೆ. ರೋಗಾಣು ಜಾತಿ ಸರ್ಟಿಫಿಕೇಟು ನೋಡಿ ಮೈಗೆ ಹೊಗುವುದಿಲ್ಲ.

ತಾಂಡಾದ ಅಜ್ಜಿಯ ಕತೆ ಇನ್ನೂ ವಿಚಿತ್ರ. ಅವಳು ಆಡುವುದು ಗೋರ್ ಬೋಲಿ. ಜನಗಣತಿಯ ಪುಸ್ತಕದಲ್ಲಿ ಲಂಬಾಣಿ ಮಾತನ್ನು ಹಿಂದಿಯ ಕೆಳಗೆ ಸೇರಿಸಿದ್ದಾರೆ. ಹಿಂದಿಯಲ್ಲಿ ನಾಲ್ಕು ಮಾತು ಬಾರದ ಅಜ್ಜಿ ಕಾಗದದಲ್ಲಿ ಹಿಂದಿಯವಳು! ದವಾಖಾನೆಯ ಗೋಡೆ ಮೇಲೆ ಕ್ಷಯದ ಪೋಸ್ಟರು ಕನ್ನಡದಲ್ಲಿದೆ. ಡಾಕ್ಟರ ಚೀಟಿ ಇಂಗ್ಲಿಷಿನಲ್ಲಿದೆ. ಅವಳಿಗೆ ತಿಳಿಯುವ ಮಾತು ಎಲ್ಲೂ ಇಲ್ಲ. ಗುಳಿಗೆ ಆರು ತಿಂಗಳು ನುಂಗಬೇಕು, ಕೆಮ್ಮು ನಿಂತರೂ ಬಿಡಬಾರದು ಅನ್ನೋದನ್ನ ಅವಳ ಮಾತಲ್ಲಿ ಹೇಳಿದವರಿಲ್ಲ. ಅವಳು ಎರಡನೇ ತಿಂಗಳಿಗೆ ಬಿಟ್ಟರೆ ತಪ್ಪು ಅವಳದು ಅಂತ ಬರೆದುಕೊಳ್ಳುತ್ತಾರೆ.

ಈಗ ಗುಳೆಯ ಮಾತು. ಇದನ್ನು ಗಮನವಿಟ್ಟು ಕೇಳಿ. 2011ರ ಜನಗಣತಿಯ ತಲೆ ಎಣಿಕೆ ನಡೆದದ್ದು ಫೆಬ್ರವರಿ 9ರಿಂದ 28ರವರೆಗೆ. ಫೆಬ್ರವರಿ ಎಂದರೆ ದೇವದುರ್ಗ, ಲಿಂಗಸುಗೂರಿನ ಒಣ ಹಳ್ಳಿಗಳಲ್ಲಿ ಸುಗ್ಗಿ ಮುಗಿದು ಮನೆಗೆ ಬೀಗ ಬೀಳುವ ಕಾಲ. ನಮ್ಮ ಜನ ಮಕ್ಕಳನ್ನು ಕಂಕುಳಿಗೆ ಹಾಕಿಕೊಂಡು ಬೆಂಗಳೂರಿನ ಕಟ್ಟಡದ ಕೆಲಸಕ್ಕೆ, ಇಟ್ಟಿಗೆ ಭಟ್ಟಿಗೆ ಹೊರಡುವ ಕಾಲ. ಊರಲ್ಲಿ ಬೀಗ, ಪಟ್ಟಣದಲ್ಲಿ ತಗಡಿನ ಶೆಡ್ಡು. ಎಣಿಸುವ ಮಾಸ್ತರು ಬಂದು ಬೀಗ ನೋಡಿ ಹೋಗುತ್ತಾರೆ. ಪಟ್ಟಣದ ಮಾಸ್ತರಿಗೆ ಆ ಶೆಡ್ಡು ಮನೆಯಾಗಿ ಕಾಣಬೇಕಲ್ಲ! ಆ ವರ್ಷ ಜಿಲ್ಲೆಯಲ್ಲಿ 1,000 ಗಂಡಸರಿಗೆ 1,000 ಹೆಂಗಸರು ಅಂತ ಬಂತು. ನೋಡಲು ಚೆಂದ. ಆದರೆ ಗಂಡಸರು ದುಡಿಯಲು ಹೊರಗೆ ಹೋದ ಜಿಲ್ಲೆಯಲ್ಲೂ ಅಂಕಿ ಹೀಗೇ ಚೆಂದ ಕಾಣುತ್ತದೆ. ಹಾಗಾಗಿ ಅಂಕಿ ನೋಡಿ ಹಿಗ್ಗುವ ಮೊದಲು ಅದು ಯಾವ ತಿಂಗಳ ಅಂಕಿ ಎಂದು ಕೇಳಬೇಕು.

ಗುಳೆ ಹೋದ ಬಸುರಿಯ ಗತಿ ಏನು? ಅವಳ ತಾಯಿ ಕಾರ್ಡು ಊರಿನ ದಾದಿಯ ಕಡೆ ದಾಖಲು. ಅವಳು ಇರುವುದು ನಾನೂರು ಕಿಲೋಮೀಟರು ಆಚೆ. ಇಲ್ಲಿ ಹಾಜರಿ ಇಲ್ಲ, ಅಲ್ಲಿ ಹೆಸರಿಲ್ಲ. ಮಗುವಿಗೆ ಒಂದು ಚುಚ್ಚುಮದ್ದು ಇಲ್ಲಿ ಆಯ್ತು, ಎರಡನೆಯದು ಅಲ್ಲಿ ತಪ್ಪಿತು, ಮೂರನೆಯದರ ಹೊತ್ತಿಗೆ ಕಾರ್ಡೇ ಮಳೆಗೆ ತೊಯ್ದು ಹೋಯಿತು. ಜಿಲ್ಲೆ ಬೆಳೆಯುತ್ತಿದೆ ಅನ್ನುತ್ತಾರೆ. ಬೆಂಗಳೂರು ಬೆಳೆಯುತ್ತಿದೆ ಅನ್ನುತ್ತಾರೆ. ಬೆಳೆಸಿದವರು ಎರಡೂ ಕಡೆ ಲೆಕ್ಕದ ಹೊರಗೆ.

ಇನ್ನು ರೋಗಗಳ ಕಡೆ ಬರೋಣ. ರೋಗ ಆಕಾಶದಿಂದ ಬೀಳುವುದಿಲ್ಲ. ನೀರಿನಿಂದ, ಅನ್ನದಿಂದ, ದುಡಿತದಿಂದ ಬರುತ್ತದೆ.

ಮೊದಲು ನೀರು. ಎರಡು ನದಿಗಳ ನಡುವೆ ಇದ್ದೂ ನಮ್ಮ ಜನ ಕೊಳವೆ ಬಾವಿಯ ನೀರು ಕುಡಿಯುತ್ತಾರೆ. ಈ ಕಲ್ಲುನೆಲದ ನೀರಿನಲ್ಲಿ ಹಲವು ಕಡೆ ಫ್ಲೋರೈಡು ಹೆಚ್ಚು. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಕುಡಿಯಬಾರದು. ಮೊದಲು ಮಕ್ಕಳ ಹಲ್ಲು ಕಂದಾಗುತ್ತದೆ. ವರ್ಷಗಟ್ಟಲೆ ಕುಡಿದರೆ ಮೂಳೆ ಬಿರುಸಾಗಿ ಬೆನ್ನು ಬಾಗುತ್ತದೆ. ಕಂದು ಹಲ್ಲಿನ ಹುಡುಗನಿಗೆ ನಾವು ಹಲ್ಲುಜ್ಜು ಅಂತ ಬೈಯುತ್ತೇವೆ. ಉಜ್ಜಿದರೆ ಹೋಗುವ ಕಲೆ ಅದಲ್ಲ. ನೆರೆಯ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ನೀರಿನೊಳಗೆ ಆರ್ಸೆನಿಕ್ ವಿಷ ಸಿಕ್ಕಿತು. ಅಂಗೈ ಅಂಗಾಲು ಗಂಟುಗಟ್ಟಿ ಜನ ನರಳಿದರು. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪರೀಕ್ಷೆ ಮಾಡಿದರಷ್ಟೆ ಗೊತ್ತಾಗುತ್ತದೆ. ಪಟ್ಟಣದವರು ಪಾರಾದರೆಂದು ತಿಳಿಯಬೇಡಿ. 2022ರ ಬೇಸಿಗೆಯ ಕೊನೆಗೆ ರಾಯಚೂರು ನಗರದಲ್ಲೇ ನಲ್ಲಿಯಲ್ಲಿ ಬಂದ ಹೊಲಸು ನೀರು ಕುಡಿದು ಹಲವರು ಆಸ್ಪತ್ರೆ ಸೇರಿದರು, ಕೆಲವರು ಸತ್ತರು. ಚೌದಾರ್ ಕೆರೆಯ ನೀರು ಮುಟ್ಟಲು ನಮ್ಮ ಹಿರಿಯರು 1927ರಲ್ಲಿ ಹೋರಾಡಿದರು. ಮುಟ್ಟಿದ ನೀರು ಕುಡಿಯಲು ಯೋಗ್ಯವಾಗಿರಬೇಕು ಎನ್ನುವುದು ನಮ್ಮ ಕಾಲದ ಹೋರಾಟ.

ಎರಡನೆಯದು ಅನ್ನ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಕಂಡಿತು. 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48. ನಾಲ್ಕೈದು ವರ್ಷ ಹಿಂದಿನ ಸಮೀಕ್ಷೆಗಿಂತ ಎರಡೂ ಏರಿದ್ದವು, ಇಳಿದಿರಲಿಲ್ಲ. ಇದು ರಾಜ್ಯದ ಸರಾಸರಿ. ಸರಾಸರಿಯ ಮೋಸ ಈಗಷ್ಟೇ ನೋಡಿದೆವಲ್ಲ, ಕೇರಿಯದು ಎಷ್ಟಿರಬಹುದು ನೀವೇ ಯೋಚಿಸಿ. ಬಸುರಿಯಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂ ಇರಬೇಕು, ಬಸುರಿಗೆ 11. ಎಂಟು ಗ್ರಾಂ ಇಟ್ಟುಕೊಂಡು ಬಿಸಿಲಲ್ಲಿ ಬಗ್ಗಿ ನಾಟಿ ಮಾಡುವ ತಾಯಿಗೆ ಮೇಸ್ತ್ರಿ ಮೈಗಳ್ಳಿ ಎನ್ನುತ್ತಾನೆ. ಮೈಗಳ್ಳತನವಲ್ಲ, ಮೈಯಲ್ಲಿ ರಕ್ತವಿಲ್ಲ. ಹೆರಿಗೆಯಲ್ಲಿ ರಕ್ತ ಹೋದರೆ ಅವಳ ಜೀವಕ್ಕೆ ಅಪಾಯ ಹೆಚ್ಚು.

ರಕ್ತ ಎಲ್ಲಿಂದ ಬರಬೇಕು? ಮಾಂಸದಿಂದ, ಕಾಳಿನಿಂದ, ಸೊಪ್ಪಿನಿಂದ, ಜೋಳ ಸಜ್ಜೆಯಿಂದ. ಮಾಂಸದ ಕಬ್ಬಿಣ ಮೈಗೆ ಬೇಗ ಹತ್ತುತ್ತದೆ. ಬಡವರಿಗೆ ಅಗ್ಗದ ಮಾಂಸ ಯಾವುದೆಂದು ನಾವು ಹೇಳಬೇಕಿಲ್ಲ. ಜಾನುವಾರು ಹತ್ಯೆ ತಡೆಯುವ 2020ರ ಕಾಯ್ದೆ ಅದನ್ನು ಇನ್ನಷ್ಟು ದೂರ ಮಾಡಿತು. 2021ರ ಡಿಸೆಂಬರಿನಲ್ಲಿ ರಾಯಚೂರೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ಕೆಲವು ಮಠಾಧೀಶರು ಬೀದಿಗೆ ಬಂದರು. ಮಕ್ಕಳು ಸೊರಗಿದಾಗ ಬಾರದ ಸ್ವಾಮಿಗಳು ಮೊಟ್ಟೆ ಬಂದಾಗ ಬಂದರು. ಮಕ್ಕಳೇ ನಮಗೆ ಮೊಟ್ಟೆ ಬೇಕು ಎಂದು ಎದ್ದು ಹೇಳಿದರು. ಮೊಟ್ಟೆ ಉಳಿಯಿತು, ಮುಂದೆ ಇಡೀ ರಾಜ್ಯಕ್ಕೆ ಹಬ್ಬಿತು. ಇದು ಆರೋಗ್ಯದ ಹೋರಾಟವೇ ಅಲ್ಲವೆ?

ಮೂರನೆಯದು ದುಡಿತ. ಚಿನ್ನದ ಗಣಿಯ ಕಲ್ಲುಧೂಳು ಶ್ವಾಸಕೋಶಕ್ಕೆ ಹೊಕ್ಕರೆ ಸಿಲಿಕೋಸಿಸ್ ಬರುತ್ತದೆ. ಅದು ಬಂದವನಿಗೆ ಕ್ಷಯ ಬೇಗ ತಗಲುತ್ತದೆ. ಹತ್ತಿ ಜಿನ್ನಿನ ಧೂಳು ಎದೆ ಬಿಗಿಸುತ್ತದೆ. ಹತ್ತಿಗೆ, ಮೆಣಸಿನಕಾಯಿಗೆ ಬರಿಗೈಯಲ್ಲಿ ಔಷಧ ಹೊಡೆಯುವವನ ಚರ್ಮದಿಂದಲೇ ವಿಷ ಒಳಗೆ ಹೋಗುತ್ತದೆ. ಕಾಲುವೆಯ ನಿಂತ ನೀರಲ್ಲಿ ಸೊಳ್ಳೆ ಹುಟ್ಟುತ್ತದೆ. ಭತ್ತದ ಲಾಭ ಒಬ್ಬರಿಗೆ, ಜ್ವರ ಇನ್ನೊಬ್ಬರಿಗೆ. ಈ ಬಿಸಿಲಿನ ಜಿಲ್ಲೆಯಲ್ಲಿ ನೆರಳಿಲ್ಲದೆ, ನೀರಿಲ್ಲದೆ ದುಡಿದು ಬಿದ್ದವನ ಸಾವನ್ನು ಎದೆನೋವು ಎಂದು ಬರೆದು ಮುಗಿಸುತ್ತಾರೆ. ಕ್ಷಯ ಬಂದವರಿಗೆ ಚಿಕಿತ್ಸೆ ಉಚಿತ. 2018ರಿಂದ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರಿನಿಂದ ಅದನ್ನು 1,000 ಮಾಡಿದರು. ನಮ್ಮ ಕೇರಿಯ ಎಷ್ಟು ರೋಗಿಗಳ ಖಾತೆಗೆ ಅದು ಬಿದ್ದಿದೆ? ಕೇಳಿದವರು ಯಾರು?

ದೇವರ ಹೆಸರಲ್ಲಿ ಹೆಣ್ಣು ಬಿಡುವುದನ್ನು 1982ರ ಕಾಯ್ದೆ ಅಪರಾಧ ಮಾಡಿತು. ಆದರೆ ಬಿಟ್ಟ ತಾಯಂದಿರು ಇನ್ನೂ ಇದ್ದಾರೆ, ಮುದುಕಿಯರಾಗಿದ್ದಾರೆ. ದವಾಖಾನೆಯಲ್ಲಿ ಗಂಡನ ಹೆಸರೇನು ಎಂದು ಕೂಗಿ ಕೇಳಿದರೆ ಆ ತಾಯಿ ತಿರುಗಿ ಮನೆಗೆ ಹೋಗುತ್ತಾಳೆ. ಒಂದು ಪ್ರಶ್ನೆ ಸಾಕು, ರೋಗ ಉಳಿಯಲು. ಇದಕ್ಕೆ ಕಾಸು ಬೇಕಿಲ್ಲ, ಮರ್ಯಾದೆ ಬೇಕು.

ಇಷ್ಟೆಲ್ಲ ಕೇಳಿ ನೀವು ಕೇಳಬಹುದು, ದೊಡ್ಡ ಆಸ್ಪತ್ರೆ ಇಲ್ಲವೇ ಎಂದು. ಇದೆ. 2007ರಲ್ಲಿ ರಾಯಚೂರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು ಬಂತು. ಏಮ್ಸ್ ಬೇಕು ಎಂದು 2022ರಲ್ಲಿ ಶುರುವಾದ ಧರಣಿ ನೂರಾರು ದಿನ ನಡೆಯಿತು. ಆ ಬೇಡಿಕೆ ನ್ಯಾಯವಾದದ್ದು. 2012ರ ತಿದ್ದುಪಡಿಯಿಂದ ಬಂದ 371ಜೆ ವಿಧಿ ಈ ಭಾಗಕ್ಕೆ ವಿಶೇಷ ಸ್ಥಾನ ಕೊಟ್ಟಿದೆ. ಅದರಡಿ ಮೀಸಲು ಸೀಟು ಪಡೆದು ಡಾಕ್ಟರಾದವರು ದೇವದುರ್ಗದ ಹಳ್ಳಿಗೆ ಹೋಗುತ್ತಾರೋ ಬೆಂಗಳೂರಿಗೆ ಹೋಗುತ್ತಾರೋ ಎಂದೂ ಕೇಳಬೇಕು. ದೊಡ್ಡ ಆಸ್ಪತ್ರೆ ಬೇಕು, ನಿಜ. ಆದರೆ ಕೇರಿಯ ಹೆರಿಗೆ ನೋವು ರಾತ್ರಿ ಎರಡು ಗಂಟೆಗೆ ಬರುತ್ತದೆ. ಆಗ ಬೇಕಾದದ್ದು ಐದು ಕಿಲೋಮೀಟರು ಒಳಗೆ ದೀಪ ಉರಿಯುತ್ತಿರುವ ಒಂದು ಬಾಗಿಲು.

ಬಾಬಾಸಾಹೇಬರನ್ನು ನಾವು ಸಂವಿಧಾನದ ಪುಸ್ತಕ ಹಿಡಿದ ಪ್ರತಿಮೆಯಾಗಿ ಮಾತ್ರ ನೋಡುತ್ತೇವೆ. 1928ರಲ್ಲಿ ಬೊಂಬಾಯಿ ಶಾಸನ ಸಭೆಯಲ್ಲಿ ಅವರು ಕಾರ್ಖಾನೆಯ ಹೆಂಗಸರ ಹೆರಿಗೆ ಸೌಲಭ್ಯದ ಮಸೂದೆಯ ಪರ ಮಾತಾಡಿದರು. ಹೆರಿಗೆಗೆ ಮುಂಚೆ, ಹೆರಿಗೆ ಆದ ಮೇಲೆ ತಾಯಿಗೆ ವಿಶ್ರಾಂತಿ ಕೊಡುವುದು ದೇಶದ ಹಿತಕ್ಕೇ ಎಂದು ವಾದಿಸಿದರು. ಅವರಿಗಿಂತ ಮೊದಲು ಸಾವಿತ್ರಿಬಾಯಿ ಫುಲೆ ಪುಣೆಯ ಪ್ಲೇಗಿನಲ್ಲಿ ರೋಗಿಗಳ ಸೇವೆಗೆ ನಿಂತರು. ಮಹಾರರ ಕೇರಿಯ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದರು. ಅದೇ ರೋಗ ತಗುಲಿ 1897ರ ಮಾರ್ಚ್ 10ರಂದು ತೀರಿಕೊಂಡರು. ನಮ್ಮ ಚಳವಳಿಗೆ ಆರೋಗ್ಯ ಹೊಸ ವಿಷಯ ಅಲ್ಲ, ಮರೆತ ವಿಷಯ.

ಹಾಗಾದರೆ ಹಾಸ್ಟೆಲಿನಲ್ಲಿ ಓದುವ ನೀವು ಏನು ಮಾಡಬಹುದು? ಘೋಷಣೆ ಕೂಗುವುದು ಗೊತ್ತಿದೆ. ಎಣಿಸುವುದನ್ನೂ ಕಲಿಯಿರಿ.

ಒಂದು. 2021ರಲ್ಲಿ ಆಗಬೇಕಿದ್ದ ಜನಗಣತಿ ಆಗಲಿಲ್ಲ. 2011ರ ಲೆಕ್ಕವನ್ನೇ ಎಳೆದು ಎಳೆದು ಆಸ್ಪತ್ರೆ ಹಂಚಿದರು. 2025ರ ಜೂನಿನಲ್ಲಿ ಹೊರಟ ಅಧಿಸೂಚನೆ 2027ರ ಮಾರ್ಚ್ 1ನ್ನು ಎಣಿಕೆಯ ದಿನವಾಗಿ ಗೊತ್ತು ಮಾಡಿತು. 1931ರ ನಂತರ ಮೊದಲ ಸಲ ಎಲ್ಲ ಜಾತಿಗಳನ್ನೂ ಬರೆಯುವ ತೀರ್ಮಾನ ಆಗಿದೆ. ಆದರೆ ಆ ದಿನವೂ ಗುಳೆಯ ಕಾಲದಲ್ಲೇ ಬೀಳುತ್ತದೆ. ಬೀಗ ಬಿದ್ದ ಮನೆಗಳ ಪಟ್ಟಿ ನೀವು ಮಾಡಿ. ಯಾರು ಎಲ್ಲಿಗೆ ಹೋಗಿದ್ದಾರೆ ಬರೆದಿಡಿ. ಎಲ್ಲಿದ್ದೀರೋ ಅಲ್ಲೇ ತಪ್ಪದೆ ಬರೆಸಿಕೊಳ್ಳಿ ಎಂದು ಫೋನಿನಲ್ಲಿ ಹೇಳಿ. ತಾಂಡಾದವರು ತಾಯಿಮಾತು ಲಂಬಾಣಿ ಎಂದೇ ಬರೆಸಲಿ.

ಎರಡು. 2025ರಲ್ಲಿ ನಾಗಮೋಹನ ದಾಸ್ ಆಯೋಗ ರಾಜ್ಯದ 101 ಪರಿಶಿಷ್ಟ ಜಾತಿಗಳ ಸಮೀಕ್ಷೆ ಮಾಡಿತು. ಅದು ಒಳಮೀಸಲಾತಿಗೆಂದು. ಹಾಗೆಯೇ ಆರೋಗ್ಯ ಇಲಾಖೆಯ ಅಂಕಿಯೂ ಜಾತಿವಾರು, ಕೇರಿವಾರು, ತಾಂಡಾವಾರು ಬರಲಿ ಎಂದು ಒತ್ತಾಯ ಮಾಡಬೇಕು. ಬಾಣಂತಿ ಸಾವು, ಮಕ್ಕಳ ತೂಕ, ಕ್ಷಯ ಈ ಮೂರಾದರೂ ಒಡೆದು ತೋರಿಸಲಿ.

ಮೂರು. 2005ರ ಮಾಹಿತಿ ಹಕ್ಕು ಕಾಯ್ದೆ ನಿಮ್ಮ ಕೈಯಲ್ಲಿದೆ. ಹತ್ತು ರೂಪಾಯಿ ಶುಲ್ಕ. ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಬರೆಯಿರಿ. ನಮ್ಮ ಆರೋಗ್ಯ ಕೇಂದ್ರದಲ್ಲಿ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು? ನಮ್ಮ ಕೇರಿಯ ಕೊಳವೆ ಬಾವಿಯ ನೀರನ್ನು ಯಾವ ದಿನ ಪರೀಕ್ಷಿಸಿದಿರಿ, ಫಲಿತಾಂಶ ಏನು? ಈ ಎರಡು ಪ್ರಶ್ನೆ ಸಾಕು, ಕಚೇರಿಯ ಫ್ಯಾನು ನಿಂತುಹೋಗುತ್ತದೆ.

ನಾಲ್ಕು. ರಜೆಗೆ ಊರಿಗೆ ಹೋದಾಗ ಒಂದು ನೋಟುಬುಕ್ಕು ಹಿಡಿಯಿರಿ. ಕೇರಿಯಲ್ಲಿ ಎಷ್ಟು ಮನೆ, ಎಷ್ಟು ಬಸುರಿಯರು, ದವಾಖಾನೆ ಎಷ್ಟು ದೂರ, ಕಳೆದ ವರ್ಷ ಯಾರು ಸತ್ತರು, ಯಾವ ವಯಸ್ಸಿಗೆ, ಏತಕ್ಕೆ, ಎಲ್ಲ ಬರೆಯಿರಿ. ಹೆಂಗಸರ ಮಾತನ್ನು ಹೆಣ್ಣುಮಕ್ಕಳೇ ಕೇಳಲಿ. ಬಂಗಾಳಿ ಕ್ಯಾಂಪಿಗೂ ಹೋಗಿ, ಮುಸಲ್ಮಾನರ ಗಲ್ಲಿಗೂ ಹೋಗಿ. ಬರೆದದ್ದನ್ನು ಗ್ರಾಮಸಭೆಯಲ್ಲಿ ಎದ್ದು ಓದಿ. ಮನೆಯ ಗುಟ್ಟು ಬಯಲಾಗದ ಹಾಗೆ ಹೆಸರು ಬಿಟ್ಟು ಅಂಕಿ ಮಾತ್ರ ಓದಿ.

ಐದು. ಹಾಸ್ಟೆಲಿನಿಂದಲೇ ಶುರು ಮಾಡಿ. ಎಲ್ಲರೂ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿಕೊಳ್ಳಿ. ಊಟವಾದ ಕೂಡಲೆ ಟೀ ಕುಡಿಯಬೇಡಿ, ಕಬ್ಬಿಣದಂಶ ಮೈಗೆ ಹತ್ತುವುದಿಲ್ಲ. ಊಟಕ್ಕೆ ಒಂದು ಹೋಳು ನಿಂಬೆ ಹಿಂಡಿಕೊಳ್ಳಿ, ಹತ್ತುತ್ತದೆ. ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ ಗೆಳೆಯನನ್ನು ಮೂಲೆಗೆ ತಳ್ಳಬೇಡಿ, ಕೈ ಹಿಡಿದು ಕಫ ಪರೀಕ್ಷೆಗೆ ಕರೆದುಕೊಂಡು ಹೋಗಿ. ಹಾಸ್ಟೆಲಿನ ನೀರಿನ ಟ್ಯಾಂಕಿ ಯಾವಾಗ ತೊಳೆದರು ಎಂದು ವಾರ್ಡನ್ನರನ್ನು ಕೇಳಿ. ಕೇಳಿದ್ದನ್ನು ದಿನಾಂಕ ಹಾಕಿ ಬರೆದಿಡಿ.

ಇದು ಸಣ್ಣ ಕೆಲಸ ಎನ್ನಿಸಬಹುದು. ಕ್ರಾಂತಿ ಎಲ್ಲಿ ಎಂದು ಕೇಳುವ ಹುಡುಗರಿದ್ದಾರೆ. ಅವರಿಗೆ ಒಂದೇ ಮಾತು. ಸಾವಿರಾರು ವರ್ಷ ನಮ್ಮನ್ನು ಈ ದೇಶ ಲೆಕ್ಕಕ್ಕೇ ಹಿಡಿಯಲಿಲ್ಲ. ಊರ ಲೆಕ್ಕದಲ್ಲಿ ದನ ಇತ್ತು, ಎತ್ತಿನ ಗಾಡಿ ಇತ್ತು, ನಾವಿರಲಿಲ್ಲ. ನಮ್ಮ ಲೆಕ್ಕವನ್ನು ನಾವೇ ಬರೆದು, ಲೆಕ್ಕಕ್ಕೆ ತಕ್ಕ ಪಾಲನ್ನು ಕೇಳುವುದಕ್ಕಿಂತ ದೊಡ್ಡ ಬಂಡಾಯ ಯಾವುದಿದೆ? ಮಾದಿಗ, ಹೊಲೆಯ, ಲಂಬಾಣಿ, ನಾಯಕ, ನಾಮಶೂದ್ರ, ಮುಸಲ್ಮಾನ, ಕ್ರೈಸ್ತ ಎಂದು ಬೇರೆ ಬೇರೆಯಾಗಿ ಎಣಿಸಿಕೊಳ್ಳೋಣ. ಬೇಡಿಕೆ ಇಡುವಾಗ ಒಟ್ಟಾಗಿ ನಿಲ್ಲೋಣ. ಬೇರೆ ಬೇರೆ ಎಣಿಸಬೇಕು, ಯಾಕೆಂದರೆ ನೋವು ಬೇರೆ ಬೇರೆ ಇದೆ. ಒಟ್ಟಿಗೆ ನಿಲ್ಲಬೇಕು, ಯಾಕೆಂದರೆ ಬಾಗಿಲು ಮುಚ್ಚಿದವರು ಒಟ್ಟಿಗೇ ಇದ್ದಾರೆ.

ನೋಟುಬುಕ್ಕು ಕೊಳ್ಳಿ. ಮುಂದಿನ ಸಭೆಗೆ ಖಾಲಿ ಕೈಯಲ್ಲಿ ಬರಬೇಡಿ, ನಿಮ್ಮ ನಿಮ್ಮ ಕೇರಿಯ ಲೆಕ್ಕ ತನ್ನಿ.

ಜೈ ಭೀಮ್.